ರ್‍ಯಾಂಕ್ ಪಟ್ಟಿ ಇಲ್ಲದ ದೇಶದಲ್ಲಿ ಡೆಂಟಲ್ ಸೀಟು: ಉತ್ತರ ಕೆರೊಲಿನಾದ ಒಂದು ಪ್ರಕರಣ

2023ರ ಸೆಪ್ಟೆಂಬರ್ ಕೊನೆಯಲ್ಲಿ ಹದಿನಾಲ್ಕು ಡೆಂಟಲ್ ಕಾಲೇಜುಗಳಿಗೆ ಅರ್ಜಿ ಹಾಕಿದ ಹುಡುಗಿಗೆ ಒಂದೇ ಒಂದು ಕಡೆಯಿಂದ ಸಂದರ್ಶನದ ಕರೆ ಬಂತು. ಸೀಟು ಸಿಗಲಿಲ್ಲ. ಮರುವರ್ಷ ಜೂನ್ ಮೊದಲ ವಾರದಲ್ಲಿ ಒಂಬತ್ತು ಕಾಲೇಜುಗಳಿಗೆ ಹಾಕಿದಳು. ನಾಲ್ಕು ಕಡೆ ಸಂದರ್ಶನವಾಯಿತು, ಎರಡು ಕಡೆ ಸೀಟು ಬಂತು. ಈ ನಡುವೆ ಪ್ರವೇಶ ಪರೀಕ್ಷೆಯ ವಿಷಯಗಳ ಸರಾಸರಿಯಲ್ಲಿ ಅವಳು ಏರಿಸಿಕೊಂಡಿದ್ದು ಬರೀ ಒಂದು ಅಂಕ. ಅಷ್ಟಕ್ಕೇ ಫಲಿತಾಂಶ ಹೀಗೆ ತಿರುಗುವುದಿಲ್ಲ ಎಂದು ಗೊತ್ತಿದ್ದರಿಂದಲೇ ಈ ಪ್ರಕರಣವನ್ನು ಬಿಡಿಸಿ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಬಿಡಿಎಸ್ ಮುಗಿಸಿ, ಅಮೆರಿಕಕ್ಕೆ ಬಂದು, ಇಲ್ಲಿ ಮತ್ತೆ ಡೆಂಟಲ್ ಕಾಲೇಜಿನ ಬೆಂಚಿನ ಮೇಲೆ ಕೂತು ಪರವಾನಗಿ ಪಡೆದವಳು. ರಾಲೀ, ಕ್ಯಾರಿ, ಮಾರಿಸ್‌ವಿಲ್ ಕಡೆಯ ಕನ್ನಡ ಮನೆಗಳ ಮಕ್ಕಳು ಡೆಂಟಿಸ್ಟ್ರಿ ಓದಬೇಕೆಂದಾಗ ಅಪ್ಪ ಅಮ್ಮಂದಿರು ನನಗೆ ಫೋನ್ ಮಾಡುವುದುಂಟು. ಈ ಹುಡುಗಿಯ ಮನೆಯವರೂ ಹಾಗೇ ಮಾಡಿದರು, ಆದರೆ ಮೊದಲ ಸುತ್ತಿನ ನಿರಾಕರಣೆಗಳೆಲ್ಲ ಬಂದ ಮೇಲೆ. ಅವಳ ಮತ್ತು ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾರೆ, ಇಲ್ಲಿ ಅದರ ಅಗತ್ಯವೂ ಇಲ್ಲ.

ಮನೆಯ ಹಿನ್ನೆಲೆ ನಮ್ಮಲ್ಲಿ ಅನೇಕರದ್ದೇ. ತಂದೆ ತುಮಕೂರು ಕಡೆಯವರು, ಸಾಫ್ಟ್‌ವೇರ್ ಕೆಲಸ. ತಾಯಿಯ ತವರು ಪಾವಗಡ ತಾಲ್ಲೂಕು. ಮಗಳು ಹುಟ್ಟಿದ್ದು ಇಲ್ಲೇ. 2020ರ ಆಗಸ್ಟಿನಲ್ಲಿ ರಾಜ್ಯದ ಒಂದು ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರದ ಪದವಿಗೆ ಸೇರಿದಳು. ಕೋವಿಡ್ ಕಾಲವಾದ್ದರಿಂದ ಮೊದಲ ವರ್ಷದ ರಸಾಯನಶಾಸ್ತ್ರ ಲ್ಯಾಬನ್ನು ತನ್ನ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಮಾಡಿದಳು.

ನಮ್ಮೂರಿನ ಓದುಗರಿಗೆ ಇಲ್ಲಿನ ವ್ಯವಸ್ಥೆಯನ್ನು ಸ್ವಲ್ಪ ಹೇಳಬೇಕು. ಕರ್ನಾಟಕದಲ್ಲಿ ಪಿಯುಸಿ ಆದ ಮೇಲೆ ನೀಟ್ ಬರೆದು, ರ್‍ಯಾಂಕ್ ಹಿಡಿದು, ಕೆಇಎ ಕೌನ್ಸೆಲಿಂಗಿನಲ್ಲಿ ಕಾಲೇಜು ಆರಿಸಿಕೊಂಡರೆ ಹದಿನೆಂಟಕ್ಕೆ ಬಿಡಿಎಸ್ ಶುರು. ನಮ್ಮ ಕಾಲದ ಸಿಇಟಿಯೂ ಹಾಗೇ ಇತ್ತು. ಇಲ್ಲಿ ಹೆಚ್ಚಿನವರು ನಾಲ್ಕು ವರ್ಷದ ಪದವಿ ಮುಗಿಸಿಯೇ ಡೆಂಟಲ್ ಕಾಲೇಜಿಗೆ ಹೋಗುತ್ತಾರೆ, ಅಲ್ಲಿ ಮತ್ತೆ ನಾಲ್ಕು ವರ್ಷ. ಪದವಿಯಲ್ಲಿ ಯಾವ ವಿಷಯವನ್ನು ಮುಖ್ಯವಾಗಿ ಓದಿದರೂ ನಡೆಯುತ್ತದೆ. ಆದರೆ ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಭೌತಶಾಸ್ತ್ರಗಳನ್ನು ಲ್ಯಾಬ್ ಸಮೇತ ಮುಗಿಸಿರಬೇಕು. ಬಹುತೇಕ ಕಾಲೇಜುಗಳು ಬಯೋಕೆಮಿಸ್ಟ್ರಿಯನ್ನೂ ಕೇಳುತ್ತವೆ, ಕೆಲವು ಅನಾಟಮಿ, ಮೈಕ್ರೋಬಯಾಲಜಿ ಎನ್ನುತ್ತವೆ. ಕೊನೆಯಲ್ಲಿ ಕೈಗೆ ಬರುವ ಡಿಗ್ರಿ ಒಂದು ಕಾಲೇಜಿನಲ್ಲಿ ಡಿಡಿಎಸ್, ಇನ್ನೊಂದರಲ್ಲಿ ಡಿಎಂಡಿ. ಎರಡಕ್ಕೂ ಬೆಲೆ ಒಂದೇ.

ದೇಶದಲ್ಲಿ ಸುಮಾರು ಎಪ್ಪತ್ತು ಡೆಂಟಲ್ ಕಾಲೇಜುಗಳಿವೆ. ಹೆಚ್ಚುಕಡಿಮೆ ಎಲ್ಲಕ್ಕೂ ಆಡ್‌ಸಾಸ್ ಎಂಬ ಒಂದೇ ಕೇಂದ್ರೀಯ ಅರ್ಜಿ. ಅಂಕಪಟ್ಟಿಗಳು, ಡಿಎಟಿ ಎಂಬ ಪ್ರವೇಶ ಪರೀಕ್ಷೆಯ ಫಲಿತಾಂಶ, ಶಿಫಾರಸು ಪತ್ರಗಳು, ಅನುಭವದ ವಿವರ, 4,500 ಅಕ್ಷರಗಳ ಒಂದು ಸ್ವಂತ ಪ್ರಬಂಧ ಎಲ್ಲವೂ ಒಂದು ಕಡತವಾಗಿ ಕಾಲೇಜುಗಳಿಗೆ ಹೋಗುತ್ತದೆ. ಆ ಕಡತವನ್ನು ಮನುಷ್ಯರು ಕೂತು ಓದುತ್ತಾರೆ. ಕಟ್-ಆಫ್ ಪ್ರಕಟಣೆ ಇಲ್ಲ, ಮೊದಲ ಸುತ್ತು ಎರಡನೇ ಸುತ್ತಿನ ಸೀಟು ಹಂಚಿಕೆ ಇಲ್ಲ.

ಅವಳ ಮೊದಲ ಕಡತ ನನ್ನ ಕೈಗೆ ಬಂದಾಗ ಅದರಲ್ಲಿದ್ದದ್ದು ಇಷ್ಟು. ಒಟ್ಟು ಜಿಪಿಎ, ಅಂದರೆ ನಾಲ್ಕಕ್ಕೆ ಲೆಕ್ಕ ಹಾಕುವ ಗ್ರೇಡ್ ಸರಾಸರಿ, 3.5, ವಿಜ್ಞಾನ ವಿಷಯಗಳದ್ದು 3.3. ಸೀಟು ಪಡೆದವರ ಸರಾಸರಿ 3.6ರ ಆಸುಪಾಸು ಇರುತ್ತದೆ, ಹಾಗಾಗಿ ಕೊಂಚ ಕಡಿಮೆ, ಕೈಬಿಡುವಷ್ಟಲ್ಲ. ವಿಜ್ಞಾನದ ಅಂಕ ಎಳೆದದ್ದು ಎರಡನೇ ವರ್ಷದ ಆರ್ಗ್ಯಾನಿಕ್ ಕೆಮಿಸ್ಟ್ರಿ. ಮೊದಲ ಸಲ ಸಿ ಮೈನಸ್ ಬಂದಿತ್ತು, ಮತ್ತೆ ಓದಿ ಬಿ ಪ್ಲಸ್ ತೆಗೆದಿದ್ದಳು. ಅವಳ ವಿಶ್ವವಿದ್ಯಾಲಯ ಹಳೆಯ ಗ್ರೇಡ್ ಬಿಟ್ಟು ಹೊಸದನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಆಡ್‌ಸಾಸ್ ಹಾಗೆ ಮಾಡುವುದಿಲ್ಲ, ಎರಡನ್ನೂ ಸೇರಿಸಿಯೇ ಸರಾಸರಿ ಹಾಕುತ್ತದೆ. ಮನೆಯವರಿಗೆ ಇದು ಗೊತ್ತಾಗಿದ್ದು ಅರ್ಜಿ ಹೋದ ಮೇಲೆ.

ಡಿಎಟಿಯಲ್ಲಿ ವಿಷಯಗಳ ಸರಾಸರಿ 19, ಪಿಎಟಿ ಎಂಬ ದೃಷ್ಟಿಗ್ರಹಣ ಭಾಗದಲ್ಲಿ 17. ಆಗ ಅಂಕ 1ರಿಂದ 30ರವರೆಗೆ ಇತ್ತು. ತಂದೆಯವರ ಮೊದಲ ಪ್ರಶ್ನೆಯೇ, “ಮೇಡಂ, ಇನ್ನೊಂದು ಸಲ ಕೂರಿಸಿ 23 ಮಾಡಿಸಿಬಿಟ್ರೆ ಕೆಲಸ ಆಗುತ್ತಲ್ವಾ?” ಕೋಚಿಂಗಿಗೆ ದುಡ್ಡು ಕಟ್ಟಲು ಅವರು ತಯಾರಿದ್ದರು. ಒಂದು ಪರೀಕ್ಷೆ, ಒಂದು ಸಂಖ್ಯೆ, ಅದರ ಮೇಲೆ ಸೀಟು: ಆ ಲೆಕ್ಕದಲ್ಲೇ ಗೆದ್ದು ಬಂದವರು ಅವರು, ನಾನೂ ಹಾಗೇ ಬಂದವಳು. ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ, ಅದು ಬೇರೆ ವ್ಯವಸ್ಥೆಯ ಪ್ರಶ್ನೆಯಾಗಿತ್ತು.

ನನ್ನ ಕಣ್ಣಿಗೆ ಮೊದಲು ಬಿದ್ದದ್ದು ತಾರೀಖು. ಆಡ್‌ಸಾಸ್ ಮೇ ತಿಂಗಳಲ್ಲಿ ತೆರೆಯುತ್ತದೆ, ಜೂನ್ ಆರಂಭದಿಂದ ಅರ್ಜಿ ಸಲ್ಲಿಸಬಹುದು. ಬಹಳಷ್ಟು ಕಾಲೇಜುಗಳ ಕೊನೆಯ ದಿನಾಂಕ ಶರತ್ಕಾಲದಲ್ಲೋ ಚಳಿಗಾಲದಲ್ಲೋ ಇರುತ್ತದೆ. ಕೊನೆಯ ದಿನಾಂಕ ನೋಡಿ ಓಡುವ ನಮ್ಮ ಮನೆಯವರಿಗೆ ಸೆಪ್ಟೆಂಬರ್ ಎಂದರೆ ಬೇಗನೇ ಅನಿಸುತ್ತದೆ. ಆದರೆ ಕಾಲೇಜುಗಳು ಅರ್ಜಿ ಬಂದ ಹಾಗೆ ಓದುತ್ತಾ ಹೋಗುತ್ತವೆ, ಸಂದರ್ಶನಕ್ಕೆ ಕರೆಯುತ್ತಾ ಹೋಗುತ್ತವೆ. ಅಂಕಪಟ್ಟಿ ಪರಿಶೀಲನೆಗೇ ವಾರಗಟ್ಟಲೆ ಬೇಕು. ಅವಳ ಒಂದು ಶಿಫಾರಸು ಪತ್ರ ಬಂದದ್ದೇ ಅಕ್ಟೋಬರಿನಲ್ಲಿ. ಅಂದರೆ ಕಡತ ಪೂರ್ತಿಯಾಗಿ ಮೇಜಿನ ಮೇಲೆ ಬಿದ್ದಾಗ ನವೆಂಬರ್ ಬಂದಿತ್ತು, ಡಿಸೆಂಬರ್ ಮಧ್ಯದಲ್ಲಿ ಮೊದಲ ಕಂತಿನ ಸೀಟುಗಳ ಘೋಷಣೆ. ಎಷ್ಟೋ ಕಾಲೇಜುಗಳಲ್ಲಿ ಅಷ್ಟು ಹೊತ್ತಿಗೆ ಸಂದರ್ಶನದ ದಿನಗಳೇ ಮುಗಿಯುತ್ತಾ ಬಂದಿರುತ್ತವೆ. ಹದಿನಾಲ್ಕು ನಿರಾಕರಣೆಗಳಲ್ಲಿ ಅರ್ಧದಷ್ಟಾದರೂ ಈ ತಡದಿಂದಲೇ ಆದದ್ದು ಎಂಬುದು ನನ್ನ ಅಂದಾಜು.

ಎರಡನೆಯದು ಕಾಲೇಜುಗಳ ಆಯ್ಕೆ. ಹಾರ್ವರ್ಡ್, ಪೆನ್, ಕೊಲಂಬಿಯಾ, ಸ್ಯಾನ್‌ಫ್ರಾನ್ಸಿಸ್ಕೋ, ಲಾಸ್ ಏಂಜಲೀಸ್. ಜೊತೆಗೆ ದೂರದ ರಾಜ್ಯಗಳ ನಾಲ್ಕೈದು ಸರ್ಕಾರಿ ಕಾಲೇಜುಗಳು. ಹೆಸರು ಕೇಳಿದರೆ ನೆಂಟರಿಗೆ ಗೊತ್ತಾಗಬೇಕು ಎಂಬ ಲೆಕ್ಕ. ರಾಜ್ಯ ಸರ್ಕಾರದ ದುಡ್ಡಿನಲ್ಲಿ ನಡೆಯುವ ಡೆಂಟಲ್ ಕಾಲೇಜು ತನ್ನ ರಾಜ್ಯದ ನಿವಾಸಿಗಳಿಗೆ ಮೊದಲ ಮಣೆ ಹಾಕುತ್ತದೆ, ಹಲವು ಕಡೆ ಹೊರಗಿನವರಿಗೆ ಉಳಿಯುವ ಸೀಟು ಬೆರಳೆಣಿಕೆಯದು. ಹಾಗಿರುವಾಗ ತನ್ನ ಸ್ವಂತ ರಾಜ್ಯದಲ್ಲಿ ಅವಳು ಹಾಕಿದ್ದು ಚಾಪೆಲ್ ಹಿಲ್ ಊರಿನ ಸರ್ಕಾರಿ ಕಾಲೇಜು ಒಂದಕ್ಕೆ ಮಾತ್ರ. ಗ್ರೀನ್‌ವಿಲ್‌ನಲ್ಲಿರುವ ಈಸ್ಟ್ ಕೆರೊಲಿನಾ ವಿಶ್ವವಿದ್ಯಾಲಯದ ಡೆಂಟಲ್ ಕಾಲೇಜನ್ನು ಬಿಟ್ಟಿದ್ದಳು. ಏಕೆ ಎಂದು ಕೇಳಿದೆ. “ಅದು ಹಳ್ಳಿ ಕಡೆಯ ಕಾಲೇಜಂತೆ ಆಂಟಿ, ಹೊಸದಂತೆ” ಎಂದಳು.

ಅದು 2011ರಲ್ಲಿ ಮೊದಲ ತಂಡ ಸೇರಿಸಿಕೊಂಡ ಕಾಲೇಜು ಎಂಬುದು ನಿಜ. ಹಳ್ಳಿಗಳಿಗಾಗಿಯೇ ಕಟ್ಟಿದ್ದು ಎಂಬುದೂ ನಿಜ. ಪೂರ್ವ ಕೆರೊಲಿನಾದಲ್ಲಿ ಒಬ್ಬ ದಂತವೈದ್ಯರೂ ಇಲ್ಲದ ಕೌಂಟಿಗಳಿದ್ದವು. ಆ ಕೊರತೆ ನೀಗಿಸಲೆಂದೇ ರಾಜ್ಯ ದುಡ್ಡು ಹಾಕಿತು. ಉತ್ತರ ಕೆರೊಲಿನಾದ ನಿವಾಸಿಗಳನ್ನು ಬಿಟ್ಟು ಬೇರೆಯವರನ್ನು ಅದು ಸೇರಿಸಿಕೊಳ್ಳುವುದೇ ಇಲ್ಲ. ಅಹೋಸ್ಕಿ, ಎಲಿಜಬೆತ್ ಸಿಟಿ, ಸ್ಪ್ರೂಸ್ ಪೈನ್, ಸಿಲ್ವಾದಂಥ ಸಣ್ಣ ಊರುಗಳಲ್ಲಿ ಅದರ ಸಮುದಾಯ ಕೇಂದ್ರಗಳಿವೆ. ಕೊನೆಯ ವರ್ಷದ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ ವಾರಗಟ್ಟಲೆ ಇದ್ದು ರೋಗಿಗಳನ್ನು ನೋಡುತ್ತಾರೆ. ಓದುವಾಗಲೇ ಕೈಗೆ ಅಷ್ಟು ಕೆಲಸ ಸಿಗುವುದು ದಂತವೈದ್ಯೆಯಾಗಿ ನನ್ನ ದೃಷ್ಟಿಯಲ್ಲಿ ಯಾವ ದೊಡ್ಡ ಹೆಸರಿಗಿಂತಲೂ ಮೇಲು. ಅಮೆರಿಕದ ಎಲ್ಲ ಅರ್ಜಿದಾರರಲ್ಲಿ ಒಂದೇ ರಾಜ್ಯದವರಿಗೆ ಮೀಸಲಾದ ಬಾಗಿಲು ಅದು, ಆ ರಾಜ್ಯದಲ್ಲೇ ಬೆಳೆದ ಹುಡುಗಿ ಅದನ್ನು ತಟ್ಟಿರಲಿಲ್ಲ.

ಮೂರನೆಯದು ಅನುಭವ. ಇಲ್ಲಿ ಶ್ಯಾಡೋಯಿಂಗ್ ಎನ್ನುತ್ತಾರೆ, ದಂತವೈದ್ಯರ ಪಕ್ಕ ನಿಂತು ಕೆಲಸ ನೋಡುವುದು. ನೂರು ಗಂಟೆಯಾದರೂ ಇರಲಿ ಎಂದು ಹಲವು ಕಾಲೇಜುಗಳು ಬಯಸುತ್ತವೆ. ಅವಳದ್ದು ನಲವತ್ತು ಗಂಟೆ, ಅದೂ ಅಪ್ಪನ ಸ್ನೇಹಿತರ ಒಂದೇ ಕ್ಲಿನಿಕ್ಕಿನಲ್ಲಿ. ಹಲ್ಲು ಬೆಳ್ಳಗೆ ಮಾಡುವುದು, ಹಲ್ಲಿನ ಮೇಲೆ ವಿನೀರ್ ಎಂಬ ತೆಳು ಹೊದಿಕೆ ಕೂರಿಸುವುದು ಅಲ್ಲಿನ ಮುಖ್ಯ ಕೆಲಸ. ಹುಳುಕು ಹಲ್ಲಿನ ನೋವಿನಲ್ಲಿ ಬಂದ ರೋಗಿಯನ್ನು ಅವಳು ನೋಡಿರಲಿಲ್ಲ. ಪ್ರಬಂಧ ಶುರುವಾಗುತ್ತಿದ್ದದ್ದು ತನ್ನ ಬ್ರೇಸಸ್ ಬಿಚ್ಚಿದ ದಿನದಿಂದ, ಮುಗಿಯುತ್ತಿದ್ದದ್ದು ಅಜ್ಜಿಯ ಹಲ್ಲುಸೆಟ್ಟಿನಲ್ಲಿ. ಓದಿದವರಿಗೆ ಒಳ್ಳೆಯ ಮಗು ಅನಿಸುತ್ತದೆ. ಈಕೆ ಜೀವಮಾನವಿಡೀ ಬಗ್ಗಿ ಇನ್ನೊಬ್ಬರ ಬಾಯೊಳಗೆ ಕೆಲಸ ಮಾಡುತ್ತಾಳೆ ಎಂಬ ನಂಬಿಕೆ ಬರುವುದಿಲ್ಲ.

ಆ ಒಂದು ಸಂದರ್ಶನದಲ್ಲಿ ಅವಳನ್ನು ಕೇಳಿದ ಪ್ರಶ್ನೆ, ಮೆಡಿಸಿನ್ ಏಕೆ ಬೇಡ ಎಂಬುದು. ಇಲ್ಲಿ ಎಲ್ಲರನ್ನೂ ಕೇಳುತ್ತಾರೆ. ಅವಳು ಜೀವನದ ಸಮತೋಲನ, ಕೆಲಸದ ವೇಳೆ ಎಂದು ಉತ್ತರಿಸಿದ್ದಳು. ನನಗೆ ಅದರ ಹಿಂದೆ ನಮ್ಮ ಮನೆಗಳ ಮಾತೇ ಕೇಳಿಸಿತು. ಮೆಡಿಕಲ್ ಸೀಟು ಸಿಗದವರು ಡೆಂಟಲ್ಲಿಗೆ ಹೋಗುತ್ತಾರೆ ಎಂಬ ಮಾತು ಕರ್ನಾಟಕದಲ್ಲಿ ಎಷ್ಟು ಬೇರೂರಿದೆ ಎಂದರೆ, ಮದುವೆ ಮನೆಯಲ್ಲಿ ಇವತ್ತಿಗೂ ನನ್ನನ್ನು “ಎಂಬಿಬಿಎಸ್ ಸಿಗಲಿಲ್ವೇನಮ್ಮಾ?” ಎಂದು ಕೇಳುವವರಿದ್ದಾರೆ. ಮಕ್ಕಳು ಅದನ್ನು ಕೇಳಿಸಿಕೊಂಡೇ ಬೆಳೆಯುತ್ತಾರೆ. ಕೊನೆಗೆ ಡೆಂಟಿಸ್ಟ್ರಿಯನ್ನು ಅದರ ಅನುಕೂಲಗಳಿಂದ ಸಮರ್ಥಿಸಿಕೊಳ್ಳುತ್ತಾರೆ, ಕೆಲಸದಿಂದಲ್ಲ. ಸಂದರ್ಶನ ಮಾಡುವವರು ಇದನ್ನು ಒಂದೇ ನಿಮಿಷದಲ್ಲಿ ಗುರುತಿಸುತ್ತಾರೆ.

2024ರ ಆರಂಭದಲ್ಲಿ ನಾವು ಕೂತು ಮಾತಾಡಿದೆವು. ಅವಳಿಗೆ ಒಂದೇ ಮಾತು ಹೇಳಿದೆ: ಮೊದಲು ಈ ಕೆಲಸ ನಿನಗೆ ಬೇಕೇ ಎಂದು ನೀನೇ ನೋಡಿಕೊಂಡು ಬಾ, ಅರ್ಜಿಯ ಮಾತು ಆಮೇಲೆ. ವಾರಕ್ಕೆರಡು ದಿನ ಬಡವರಿಗಾಗಿಯೇ ಇರುವ ಒಂದು ಸಮುದಾಯ ಚಿಕಿತ್ಸಾಲಯದಲ್ಲಿ ನಿಲ್ಲತೊಡಗಿದಳು. ಮೇ ತಿಂಗಳಲ್ಲಿ ಪದವಿ ಮುಗಿದ ಮೇಲೆ ಅಲ್ಲೇ ಡೆಂಟಲ್ ಅಸಿಸ್ಟೆಂಟ್ ಆಗಿ ಸೇರಿದಳು. ಉತ್ತರ ಕೆರೊಲಿನಾದಲ್ಲಿ ಆ ಕೆಲಸದ ಮೊದಲ ದರ್ಜೆಯನ್ನು ಕ್ಲಿನಿಕ್ಕಿನಲ್ಲೇ ಕಲಿಯಬಹುದು. ಅಮ್ಮನಿಗೆ ಅದು ಅವಮಾನವಾಗಿ ಕಂಡಿತು. ಡಿಗ್ರಿ ಮಾಡಿದ ಮಗಳು ಉಗುಳು ಎಳೆಯುವ ನಳಿಕೆ ಹಿಡಿದು ನಿಲ್ಲುವುದೇ ಎಂದು ನನ್ನ ಬಳಿ ಅತ್ತರು. ಆ ತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಆ ವರ್ಷ ಆ ಹುಡುಗಿಗೆ ಕೊಟ್ಟದ್ದನ್ನು ಯಾವ ಕೋಚಿಂಗೂ ಕೊಡುತ್ತಿರಲಿಲ್ಲ.

ಉತ್ತರ ಕೆರೊಲಿನಾ ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ಸಿಹಿಗೆಣಸು ಬೆಳೆಯುವ ರಾಜ್ಯ. ಅದನ್ನು ಕೀಳಲು ಬರುವ ಕೂಲಿಕಾರರು ಬಹುತೇಕ ಮೆಕ್ಸಿಕೋದವರು. ಕೊಯ್ಲು ಮುಗಿಯುವವರೆಗೆ ನೋವು ನುಂಗಿಕೊಂಡಿದ್ದು, ಮುಖ ಊದಿದ ಮೇಲೆ ಚಿಕಿತ್ಸಾಲಯಕ್ಕೆ ಬರುತ್ತಾರೆ. ರೂಟ್ ಕೆನಾಲ್ ಮಾಡಿದರೆ ಉಳಿಯುವ ಹಲ್ಲನ್ನೂ ಕಿತ್ತುಬಿಡಿ ಎನ್ನುತ್ತಾರೆ, ಮತ್ತೆ ಮತ್ತೆ ಬರಲು ರಜೆಯೂ ಇಲ್ಲ, ಕ್ಯಾಪ್ ಹಾಕಿಸಲು ದುಡ್ಡೂ ಇಲ್ಲ. ಉಳಿಸಬಹುದಾದ ಹಲ್ಲು ತಟ್ಟೆಗೆ ಬೀಳುವುದನ್ನು ಅವಳು ಹತ್ತಿರದಿಂದ ಕಂಡಳು. ಜೊತೆಗೆ ಕೈಕೆಲಸ ಕಲಿತಳು. ಅಚ್ಚು ತೆಗೆಯುವ ಆಲ್ಜಿನೇಟ್ ಬೆಚ್ಚಗಿನ ನೀರಿನಲ್ಲಿ ಬೇಗ ಗಟ್ಟಿಯಾಗುತ್ತದೆ, ಗಂಟಿಲ್ಲದ ಹಾಗೆ ಬಟ್ಟಲಿನ ಗೋಡೆಗೆ ತೀಡಿ ಕಲಸಬೇಕು. ಡಾಕ್ಟರು ಕಣ್ಣೆತ್ತದೆ ಕೈ ಚಾಚಿದಾಗ ಮುಂದಿನ ಉಪಕರಣ ಆ ಕೈಯಲ್ಲಿರಬೇಕು. ರೋಗಿ ಕುರ್ಚಿಯ ಹಿಡಿಕೆ ಬಿಗಿಹಿಡಿದದ್ದನ್ನು ಡಾಕ್ಟರಿಗಿಂತ ಮೊದಲು ಪಕ್ಕದಲ್ಲಿ ನಿಂತವಳು ಗಮನಿಸಬೇಕು. ಸ್ಪ್ಯಾನಿಷ್ ಕೂಡ ಅಷ್ಟಿಷ್ಟು ಬಂತು.

ಇನ್ನು ಡಿಎಟಿ. ಮತ್ತೆ ಬರೆಯಲೇಬೇಕಿತ್ತು, ಅದೂ ಅರ್ಜಿಗೆ ಮುಂಚೆ. ಮೇ ತಿಂಗಳಲ್ಲಿ ಬರೆದು ಸರಾಸರಿ 20, ಪಿಎಟಿ 20 ತಂದಳು. ಪಿಎಟಿ ಬಗ್ಗೆ ನಮ್ಮ ಮಕ್ಕಳಿಗೆ ಹೇಳಬೇಕಾದದ್ದಿದೆ. ಅರವತ್ತು ನಿಮಿಷದಲ್ಲಿ ತೊಂಬತ್ತು ಪ್ರಶ್ನೆ, ಆರು ಬಗೆ. ಒಂದು ಆಕೃತಿ ಯಾವ ಕಿಂಡಿಯಲ್ಲಿ ತೂರೀತು, ಮೇಲಿನಿಂದ ಮುಂದಿನಿಂದ ಪಕ್ಕದಿಂದ ಹೇಗೆ ಕಂಡೀತು, ನಾಲ್ಕು ಕೋನಗಳಲ್ಲಿ ಯಾವುದು ಚಿಕ್ಕದು, ಮಡಿಸಿದ ಕಾಗದಕ್ಕೆ ತೂತು ಹಾಕಿ ಬಿಡಿಸಿದರೆ ತೂತುಗಳು ಎಲ್ಲಿ ಬೀಳುತ್ತವೆ, ಪೇರಿಸಿದ ಘನಗಳಲ್ಲಿ ಎಷ್ಟು ಮುಖಕ್ಕೆ ಬಣ್ಣ ತಾಗೀತು, ಬಿಡಿಸಿಟ್ಟ ರಟ್ಟನ್ನು ಮಡಿಸಿದರೆ ಏನಾದೀತು. ಇದನ್ನು ಬಾಯಿಪಾಠ ಮಾಡಲಾಗುವುದಿಲ್ಲ. ರಸಾಯನಶಾಸ್ತ್ರಕ್ಕೆ ಕೊಟ್ಟ ಸಮಯದ ಕಾಲು ಭಾಗವನ್ನೂ ಇದಕ್ಕೆ ಕೊಡದೆ ಹೋಗುವ ಮಕ್ಕಳನ್ನು ಪ್ರತಿವರ್ಷ ನೋಡುತ್ತೇನೆ. ಅವಳು ದಿನವೂ ಅರ್ಧ ಗಂಟೆ ಇದಕ್ಕೆಂದೇ ಇಟ್ಟಳು, ಮೂರು ಅಂಕ ಏರಿತು. ಕನ್ನಡಿಯಲ್ಲಿ ತಿರುಗಿ ಕಾಣುವ ಹಲ್ಲಿನ ಮೇಲೆ ಡ್ರಿಲ್ ಹಿಡಿಯುವವರಿಗೆ ಬೇಕಾದ ಶಕ್ತಿಯೇ ಇದು, ಪರೀಕ್ಷೆಯಲ್ಲಿ ಇಟ್ಟಿರುವುದಕ್ಕೆ ಕಾರಣವಿದೆ.

ಹೊಸ ಪ್ರಬಂಧ ಹುಟ್ಟಿದ್ದು ಅವಳೇ ಕೇಳಿದ ಒಂದು ಪ್ರಶ್ನೆಯಿಂದ. ಪಾವಗಡದ ಅಜ್ಜಿಯ ಊರಿನಲ್ಲಿ ಮಕ್ಕಳ ಹಲ್ಲಿನ ಮೇಲೆ, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಅತಿಯಾದರೆ ಆಗುವ ಕಂದು ಕಲೆಗಳನ್ನು ಕಂಡಿದ್ದಳು. ಇಲ್ಲಿ ಕೆಲಸ ಮಾಡುವಾಗ ಮಕ್ಕಳ ಹಲ್ಲಿಗೆ ಫ್ಲೋರೈಡ್ ವಾರ್ನಿಷ್ ಬಳಿಯುವುದನ್ನು ಕಂಡಳು. “ಆಂಟಿ, ಅಲ್ಲಿ ಹಲ್ಲು ಕೆಡಿಸಿದ್ದನ್ನೇ ಇಲ್ಲಿ ಹಲ್ಲಿಗೆ ಹಚ್ಚುತ್ತಾರಲ್ಲ?” ಎಂದಳು. ನಾನು ಉತ್ತರ ಹೇಳಲಿಲ್ಲ, ಓದಲು ಹೇಳಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೊಲರಾಡೋದಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಇದೇ ಕಂದು ಕಲೆಯ ಬೆನ್ನು ಹತ್ತಿ, ಕಲೆಯಾದ ಹಲ್ಲಿಗೆ ಹುಳುಕು ಕಡಿಮೆ ಎಂದು ಕಂಡುಕೊಂಡದ್ದು, ಅದರಿಂದ 1945ರಲ್ಲಿ ಮಿಶಿಗನ್ನಿನ ಗ್ರಾಂಡ್ ರ್‍ಯಾಪಿಡ್ಸ್ ನಗರದ ಕುಡಿಯುವ ನೀರಿಗೆ ಅಳೆದು ಫ್ಲೋರೈಡ್ ಬೆರೆಸಿದ್ದು, ಈಗ ಅಮೆರಿಕ ಲೀಟರಿಗೆ 0.7 ಮಿಲಿಗ್ರಾಂ ಸಾಕು ಎಂದರೆ ಭಾರತದ ಮಾನದಂಡ 1.5ಕ್ಕಿಂತ ಮೇಲೆ ಕೂಡದು ಎನ್ನುವುದು, ಪಾವಗಡದ ಕೊಳವೆಬಾವಿಗಳು ಆಳಕ್ಕೆ ಹೋದಷ್ಟೂ ಆ ಮಿತಿಯನ್ನು ದಾಟುವುದು, ಇವೆಲ್ಲವನ್ನೂ ಅವಳೇ ಹುಡುಕಿ ತಂದಳು. ಪ್ರಬಂಧದಲ್ಲಿ ಅಜ್ಜಿ ಉಳಿದರು, ಆದರೆ ಅವರ ಹಲ್ಲುಸೆಟ್ಟಿಗಿಂತ ಅವರ ಬಾವಿಯ ನೀರು ಮುಖ್ಯವಾಯಿತು. ಎರಡು ಸಂದರ್ಶನಗಳಲ್ಲಿ ಮಾತು ಇದರ ಸುತ್ತಲೇ ನಡೆಯಿತಂತೆ. ಮೆಡಿಸಿನ್ ಏಕೆ ಬೇಡ ಎಂಬ ಪ್ರಶ್ನೆ ಈ ಸಲವೂ ಬಂತು. ಗೆಣಸಿನ ಹೊಲದ ಕೂಲಿಯವನೊಬ್ಬ ನೋವಿನಲ್ಲಿ ಬಂದು ಗಂಟೆಯೊಳಗೆ ನೋವಿಲ್ಲದೆ ಎದ್ದು ಹೋದದ್ದನ್ನು ಹೇಳಿದಳು. ಅಷ್ಟನ್ನು ತನ್ನ ಕೈಯಾರೆ ಮಾಡಬೇಕು ಎಂದಳು.

ಅರ್ಜಿ ಜೂನ್ ಮೊದಲ ವಾರವೇ ಹೋಯಿತು. ಶಿಫಾರಸು ಬರೆಯುವವರನ್ನು ಫೆಬ್ರವರಿಯಲ್ಲೇ ಕೇಳಿದ್ದಳು. ಅವರಲ್ಲೊಬ್ಬರು ಮೈಕ್ರೋಬಯಾಲಜಿಯಲ್ಲಿ ಅವಳು ಎ ತೆಗೆದಾಗಿನಿಂದ ಹತ್ತಿರದಿಂದ ಬಲ್ಲವರು, ಇನ್ನೊಬ್ಬರು ಚಿಕಿತ್ಸಾಲಯದ ದಂತವೈದ್ಯರು. ಪಟ್ಟಿಯಲ್ಲಿ ರಾಜ್ಯದ ಎರಡೂ ಸರ್ಕಾರಿ ಕಾಲೇಜುಗಳು ಮೇಲೆ, ಆಮೇಲೆ ಹೊರಗಿನವರನ್ನೂ ಸಮನಾಗಿ ನೋಡುವ ಖಾಸಗಿ ಕಾಲೇಜುಗಳು. ಮೊದಲ ಕಾಲೇಜಿಗೆ ಇನ್ನೂರೈವತ್ತು ಡಾಲರಿಗೂ ಮೇಲೆ, ನಂತರದ ಒಂದೊಂದಕ್ಕೂ ನೂರರ ಮೇಲೆ ಶುಲ್ಕ, ಕಾಲೇಜುಗಳ ಪ್ರತ್ಯೇಕ ಶುಲ್ಕ ಬೇರೆ. ಹೆಚ್ಚು ಕಡೆ ಹಾಕಿದಷ್ಟೂ ಒಳ್ಳೆಯದು ಎಂಬುದನ್ನು ನಾನು ಒಪ್ಪುವುದಿಲ್ಲ.

ಡಿಸೆಂಬರಿನಲ್ಲಿ ಎರಡು ಸೀಟು ಬಂದವು: ಈಸ್ಟ್ ಕೆರೊಲಿನಾ, ಮತ್ತು ದೊಡ್ಡ ನಗರವೊಂದರ ಖಾಸಗಿ ಕಾಲೇಜು. ತಂದೆಯವರಿಗೆ ಖಾಸಗಿ ಕಾಲೇಜಿನ ಹೆಸರು ಹಿಡಿಸಿತು. ಕಾಗದ ಪೆನ್ನು ಹಿಡಿದು ಕೂರಿಸಿದೆ. ಊಟ ವಸತಿ ಸೇರಿ ಈಸ್ಟ್ ಕೆರೊಲಿನಾದ ನಾಲ್ಕು ವರ್ಷದ ಖರ್ಚು ಖಾಸಗಿಯದರ ಸುಮಾರು ಅರ್ಧ. ಅಮೆರಿಕದ ಡೆಂಟಲ್ ಪದವೀಧರರು ಸರಾಸರಿ ಮೂರು ಲಕ್ಷ ಡಾಲರ್ ಆಸುಪಾಸಿನ ಸಾಲ ಹೊತ್ತು ಹೊರಬರುತ್ತಾರೆ, ಖಾಸಗಿಯಲ್ಲಿ ಓದಿದವರದ್ದು ಇನ್ನೂ ಮೇಲೆ. ಸಾಲದ ಕಂತು ಭಾರವಾದರೆ ಹಳ್ಳಿಯಲ್ಲಿ, ಸಮುದಾಯ ಚಿಕಿತ್ಸಾಲಯದಲ್ಲಿ ಕೆಲಸ ಮಾಡುವ ಸ್ವಾತಂತ್ರ್ಯವೇ ಹೋಗುತ್ತದೆ. ಅವಳು ಗ್ರೀನ್‌ವಿಲ್‌ಗೆ ಹಣ ಕಟ್ಟಿದಳು, 2025ರ ಬೇಸಿಗೆಯ ಕೊನೆಯಲ್ಲಿ ತರಗತಿ ಶುರುವಾಯಿತು.

ಈ ಹುಡುಗಿ ಅಮೆರಿಕದ ಪ್ರಜೆ, ಹಾಗಾಗಿ ಒಂದು ದೊಡ್ಡ ತೊಡಕು ಅವಳ ಕಡತದಲ್ಲಿ ಬರಲೇ ಇಲ್ಲ. ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಅದು ಇದೆ. ಮನೆಯವರ ಗ್ರೀನ್ ಕಾರ್ಡ್ ಬರುವ ಮೊದಲೇ ಇಪ್ಪತ್ತೊಂದು ತುಂಬಿದರೆ ಆ ವೀಸಾ ಹೋಗುತ್ತದೆ, ಸಾಮಾನ್ಯವಾಗಿ ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಗುತ್ತದೆ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಸಾಲ ಸಿಗುವುದಿಲ್ಲ, ಕೆಲವು ಸರ್ಕಾರಿ ಕಾಲೇಜುಗಳು ಪ್ರಜೆಗಳನ್ನೂ ಕಾಯಂ ನಿವಾಸಿಗಳನ್ನೂ ಮಾತ್ರ ತೆಗೆದುಕೊಳ್ಳುತ್ತವೆ. ಅಂಥ ಮನೆಗಳು ಪದವಿಯ ಮೊದಲ ವರ್ಷದಲ್ಲೇ ಪ್ರತಿ ಕಾಲೇಜಿಗೂ ಬರೆದು ನಿಯಮ ಕೇಳಿಕೊಳ್ಳಬೇಕು. ಮೂರನೇ ವರ್ಷದಲ್ಲಿ ಗೊತ್ತಾಗಿ ಕುಸಿದ ಮಗುವನ್ನು ನಾನು ನೋಡಿದ್ದೇನೆ.

ಈಗ ತಯಾರಿ ನಡೆಸುತ್ತಿರುವವರಿಗೆ ಎರಡು ಸಂಗತಿ ಬದಲಾಗಿವೆ. 2025ರ ಮಾರ್ಚ್ 1ರಿಂದ ಡಿಎಟಿ ಅಂಕ 200ರಿಂದ 600ರ ಅಳತೆಗೆ ಬಂದಿದೆ, ಇಲ್ಲಿ ಬರೆದ 19, 20ನ್ನು ಅದಕ್ಕೆ ನೇರವಾಗಿ ಹೋಲಿಸಬೇಡಿ. ಇನ್ನೊಂದು ಹೆಚ್ಚು ಗಂಭೀರ. 2025ರ ಜುಲೈನಲ್ಲಿ ಬಂದ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಗ್ರ್ಯಾಡ್ ಪ್ಲಸ್ ಎಂಬ ಫೆಡರಲ್ ಸಾಲ ಇಲ್ಲ. ಡೆಂಟಿಸ್ಟ್ರಿಯಂಥ ವೃತ್ತಿಪರ ಪದವಿಗೆ ಫೆಡರಲ್ ಸಾಲ ವರ್ಷಕ್ಕೆ 50,000, ಒಟ್ಟು ಎರಡು ಲಕ್ಷ ಡಾಲರಿಗೆ ಸೀಮಿತ. ಖಾಸಗಿ ಕಾಲೇಜಿನ ಖರ್ಚು ಇದನ್ನು ಬಹಳ ಮೀರುತ್ತದೆ, ಉಳಿದದ್ದನ್ನು ಬ್ಯಾಂಕಿನಿಂದ ಹೆಚ್ಚಿನ ಬಡ್ಡಿಗೆ ತರಬೇಕು, ಇಲ್ಲವೇ ಸೇನೆಯ ವಿದ್ಯಾರ್ಥಿವೇತನದಂಥ ದಾರಿ ಹಿಡಿದು ಪ್ರತಿಯಾಗಿ ಸೇವೆ ಸಲ್ಲಿಸಬೇಕು. ಹಾಗಾಗಿ ನನ್ನ ಬಳಿ ಬರುವ ಮನೆಯವರಿಗೆ ಈಗ ಮೊದಲು ಹೇಳುವುದು, ನಿಮ್ಮ ರಾಜ್ಯದಲ್ಲಿ ಸರ್ಕಾರಿ ಡೆಂಟಲ್ ಕಾಲೇಜು ಎಲ್ಲಿದೆ, ಅದು ಯಾರಿಗಾಗಿ ಕಟ್ಟಿದ್ದು ಎಂದು ನೋಡಿಕೊಂಡು ಬನ್ನಿ ಎಂದು. ಡಿಎಟಿ ಪುಸ್ತಕ ಕೊಳ್ಳುವುದು ಅದಾದ ಮೇಲೆ.